ಗೆರೆಯ ಮೇಲಿನ ಸುಣ್ಣ

ಮೇಪಲ್ ಮರದ ಕೆಳಗೆ ಹಾಕುತ್ತಿದ್ದ ಆ ಬೆತ್ತದ ಕುರ್ಚಿಯ ಮೇಲೆ ಹದಿನೇಳನೇ ವಯಸ್ಸಿನಿಂದ ನನ್ನ ಕಣ್ಣಿತ್ತು. ಪ್ರತಿ ಜೂನ್‌ನಲ್ಲಿ ದೇಶದ ಹೆಂಗಸರ ಟೆನಿಸ್ ಚಾಂಪಿಯನ್‌ಶಿಪ್ ಫಿಲಡೆಲ್ಫಿಯಾದ ನಮ್ಮ ಕ್ಲಬ್ಬಿನ ಹುಲ್ಲಿನ ಮೇಲೆ ನಡೆಯುತ್ತಿತ್ತು. ಆಗಿನ ಪದ್ಧತಿಯಲ್ಲಿ ಹಿಂದಿನ ವರ್ಷ ಗೆದ್ದವಳು ವಾರವಿಡೀ ಆಡಬೇಕಾಗಿಯೇ ಇರಲಿಲ್ಲ. ಉಳಿದವರೆಲ್ಲ ಬಿಸಿಲಲ್ಲಿ ಬೆವರು ಸುರಿಸಿ, ಒಬ್ಬರನ್ನೊಬ್ಬರು ಸೋಲಿಸಿ, ಕೊನೆಗೆ ಉಳಿದ ಒಬ್ಬಳು ಅವಳ ಎದುರು ನಿಲ್ಲಬೇಕು. ಅಲ್ಲಿಯವರೆಗೆ ಚಾಂಪಿಯನ್ ಆ ಕುರ್ಚಿಯಲ್ಲಿ ಛತ್ರಿ ಬಿಚ್ಚಿಕೊಂಡು ಕೂತು, ಕೆನೆ ಹಾಕಿದ ಸ್ಟ್ರಾಬೆರಿ ತಿನ್ನುತ್ತಾ ನಮ್ಮ ಒದ್ದಾಟ ನೋಡುತ್ತಿದ್ದಳು. ಸ್ಟ್ರಾಬೆರಿ ನಮಗೂ ಸಿಗುತ್ತಿತ್ತು. ಆದರೆ ಆ ಕುರ್ಚಿಯಲ್ಲಿ ಕೂತು ತಿನ್ನುವ ರುಚಿಯೇ ಬೇರೆ ಎಂದು ನನಗೆ ಖಾತ್ರಿಯಿತ್ತು.

ಉಳಿದವರ ಫೈನಲ್‌ವರೆಗೆ ಮೂರು ಸಲ ಹೋಗಿ ಮೂರು ಸಲವೂ ಸೋತವಳು ನಾನು, ಹೆಸ್ಟರ್ ಪೆನ್ನಕ್. ಮೂರನೇ ಸಲ ಮನೆಗೆ ಬಂದಾಗ ಅಮ್ಮ ಹೊಲಿಗೆಯಿಂದ ತಲೆಯೆತ್ತದೆ ಅಂದಳು, "ಮದುವೆ ವಿಷಯದಲ್ಲೂ ಹೀಗೇ ಆಗ್ದಿದ್ರೆ ಸಾಕು ಕಣೇ. ನಿನಗೀಗ ಇಪ್ಪತ್ತೇಳು."

"ಮದುವೆಗೆ ಚೆಂಡು ಬೇಕಾಗಲ್ಲಮ್ಮ."

"ಗುರಿ ಬೇಕಾಗತ್ತೆ," ಅಂದಳು ಅಮ್ಮ.

ಡೀಲಿಯಾ ಡುಗನ್‌ಳನ್ನು ಈ ಆಟಕ್ಕೆ ತಂದವಳೂ ನಾನೇ. ಬೆಟ್ಟದ ಕೆಳಗೆ, ನದಿಯ ಪಕ್ಕದ ಮನಾಯಂಕ್‌ನಲ್ಲಿ ಅವಳಪ್ಪನ ಕಲ್ಲಿದ್ದಲು ಮಂಡಿ. ನಮ್ಮ ಮನೆಗೆ ಕಲ್ಲಿದ್ದಲು ಬರುತ್ತಿದ್ದುದು ಅಲ್ಲಿಂದಲೇ. ಒಂದು ದಿನ ಗಾಡಿಯ ಜೊತೆ ಅವಳೂ ಬಂದಿದ್ದಳು. ಹತ್ತೊಂಬತ್ತು ವರ್ಷ, ಕೆಂಪು ಕೂದಲು, ಗಂಡುಬೀರಿ ನಡಿಗೆ. ನಾನು ಹಿತ್ತಲಲ್ಲಿ ಗೋಡೆಗೆ ಚೆಂಡು ಹೊಡೆಯುತ್ತಿದ್ದೆ. ಸ್ವಲ್ಪ ಹೊತ್ತು ನಿಂತು ನೋಡಿ ಕೇಳಿದಳು, "ಗೋಡೆ ಯಾವತ್ತಾದ್ರೂ ಸೋಲತ್ತಾ?" ನನಗೆ ನಗು ಬಂತು. ರಾಕೆಟ್ ಅವಳ ಕೈಗೆ ಕೊಟ್ಟೆ. ಕೊಡಬಾರದಿತ್ತು.

ನಾನು ನಾಲ್ಕು ವರ್ಷದಲ್ಲಿ ಕಲಿತದ್ದನ್ನು ಅವಳು ಒಂದೇ ಬೇಸಿಗೆಯಲ್ಲಿ ಕಲಿತಳು. ನಾನು ಸರ್ವಿಸನ್ನು ಸೊಂಟದ ಕೆಳಗಿನಿಂದ, ಮರ್ಯಾದಸ್ಥರ ಹಾಗೆ ಕೊಡುತ್ತಿದ್ದೆ. ಅವಳು ತಲೆಯ ಮೇಲಿನಿಂದ, ಸೌದೆ ಒಡೆಯುವವರ ಹಾಗೆ ಬೀಸುತ್ತಿದ್ದಳು. ಅವಳನ್ನು ಕ್ಲಬ್ಬಿಗೆ ಸೇರಿಸಲು ಶಿಫಾರಸು ಬರೆದವಳು ನಾನು. ಕಮಿಟಿಯ ಮುದುಕರು ಮೂಗು ಮುರಿದಾಗ ಅವರೆದುರು ವಾದ ಮಾಡಿದವಳೂ ನಾನು. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ. ಎರಡೇ ವರ್ಷದಲ್ಲಿ ಅದೇ ಮುದುಕರು ಅವಳ ಆಟ ನೋಡಲು ಕುರ್ಚಿ ಎಳೆದುಕೊಂಡು ಬರತೊಡಗಿದರು. ಹುಲ್ಲಿನ ಮೇಲೆ ಉರುಳೆ ಎಳೆಯಲು ನಮ್ಮಲ್ಲಿ ಒಂದು ಕುದುರೆಯಿತ್ತು. ಗೊರಸಿನ ಗುರುತು ಬೀಳದಿರಲೆಂದು ಅದರ ಕಾಲಿಗೆ ಚರ್ಮದ ಬೂಟು ಕಟ್ಟುತ್ತಿದ್ದರು. ಹತ್ತು ವರ್ಷದಿಂದ ಅದಕ್ಕೆ ಸಕ್ಕರೆ ತಿನ್ನಿಸಿದವಳು ನಾನು. ಆ ಹಾಳು ಕುದುರೆ ಕೂಡ ಡೀಲಿಯಾಳನ್ನು ಕಂಡರೆ ಕತ್ತು ಚಾಚುತ್ತಿತ್ತು. ಒಂದು ಕುದುರೆಯ ವಿಷಯಕ್ಕೂ ಹೊಟ್ಟೆ ಉರಿಸಿಕೊಂಡವಳು ನಾನೆಂದರೆ, ನನ್ನ ಸ್ಥಿತಿ ಎಲ್ಲಿಗೆ ಬಂದಿತ್ತು ಎಂದು ನೀವೇ ಲೆಕ್ಕ ಹಾಕಿ.

ಅವಳನ್ನು ದ್ವೇಷಿಸಲು ಆಗಿದ್ದರೆ ಎಷ್ಟೋ ವಾಸಿ. ಆದರೆ ಅವಳು ನನ್ನನ್ನು ಹೆಟ್ಟಿ ಎಂದು ಕರೆಯುತ್ತಾ, ಎಲ್ಲೇ ಹೋದರೂ ನನ್ನ ತೋಳು ಹಿಡಿದುಕೊಂಡೇ ನಡೆಯುತ್ತಿದ್ದಳು. ಗೆದ್ದಾಗೆಲ್ಲ, "ಇದು ಹೆಟ್ಟಿ ಹೇಳಿಕೊಟ್ಟ ಹೊಡೆತ," ಎಂದು ಸಿಕ್ಕವರಿಗೆಲ್ಲ ಹೇಳುತ್ತಿದ್ದಳು. ಹೊಟ್ಟೆಕಿಚ್ಚಿನವಳಿಗೆ ಇದಕ್ಕಿಂತ ದೊಡ್ಡ ಹಿಂಸೆ ಇನ್ನೊಂದಿಲ್ಲ.

ಆ ವರ್ಷ ಚಾಂಪಿಯನ್‌ಶಿಪ್‌ಗೆ ಎರಡು ದಿನ ಮೊದಲು ಅವಳು ಒಂದು ಹೊಸ ಟೋಪಿ ಕೊಂಡು ತಂದಳು. ಅದರ ಮೇಲೆ ಮೇಣದ ಚೆರ್ರಿ ಹಣ್ಣಿನ ಗೊಂಚಲು, ಗೊಂಚಲಿನ ನಡುವೆ ಒಂದು ಸತ್ತ ಗುಬ್ಬಿ.

"ಹೇಗಿದೆ?"

"ಚೆನ್ನಾಗಿದೆ," ಅಂದೆ.

ಅವಳು ನನ್ನ ಮುಖ ನೋಡಲಿಲ್ಲ, ಕೂದಲು ಸರಿಸಿ ಕಿವಿ ನೋಡಿದಳು. ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು. "ಅಯ್ಯೋ ಮಾರಾಯ್ತಿ, ಕಿವಿ ಮೆಣಸಿನಕಾಯಿ ಆಗಿದೆಯಲ್ಲೇ! ನಿನಗೆ ಸುಳ್ಳು ಹೇಳೋಕೆ ಬರಲ್ಲ, ಬಿಟ್ಬಿಡು."

ಅದು ನಿಜ. ಚಿಕ್ಕವಳಿದ್ದಾಗಿನಿಂದಲೂ ಸುಳ್ಳು ಹೇಳಿದರೆ ನನ್ನ ಕಿವಿ ಕೆಂಪಾಗುತ್ತದೆ. ಅದಕ್ಕೇ ನಾನು ಸತ್ಯವಂತೆ ಎಂದು ಊರಿಗೆಲ್ಲ ಹೆಸರು. ಗುಣ ಅಲ್ಲ ಅದು, ಬೇರೆ ದಾರಿಯೇ ಇರಲಿಲ್ಲ.

ಆಟದ ಜೊತೆಗೆ ಆಟದ ಮರ್ಯಾದೆಯನ್ನೂ ನಾನೇ ಅವಳಿಗೆ ಕಲಿಸಿದ್ದೆ. ಗೆರೆ ಕಾಯುವವರು ತಪ್ಪು ತೀರ್ಪು ಕೊಟ್ಟು, ನ್ಯಾಯವಾಗಿ ನಮ್ಮದಲ್ಲದ ಪಾಯಿಂಟ್ ನಮಗೆ ಸಿಕ್ಕಿತು ಅಂದುಕೊಳ್ಳಿ. ಆಗ ನಮ್ಮವರು ಜಗಳಕ್ಕೆ ನಿಲ್ಲುತ್ತಿರಲಿಲ್ಲ, ತೀರ್ಪು ಬದಲಿಸಿ ಎಂದು ಕೇಳುತ್ತಲೂ ಇರಲಿಲ್ಲ. ಮುಂದಿನ ಚೆಂಡನ್ನು ಬೇಕೆಂದೇ ಬಲೆಗೆ ಹೊಡೆದು ಪಾಯಿಂಟ್ ವಾಪಸ್ ಕೊಟ್ಟುಬಿಡುತ್ತಿದ್ದರು. ಯಾರೂ ಅದರ ಬಗ್ಗೆ ಮಾತಾಡುತ್ತಿರಲಿಲ್ಲ.

ಡೀಲಿಯಾಗೆ ಇದು ತಮಾಷೆಯಾಗಿ ಕಂಡಿತ್ತು. "ಕಲ್ಲಿದ್ದಲು ತೂಗುವಾಗ ತಕ್ಕಡಿ ತಪ್ಪಿದ್ರೆ ಇನ್ನೊಂದು ಸಲ ತೂಗ್ತೀವಿ. ನೀವು ಮುಂದಿನ ಮೂಟೆ ನದಿಗೆ ಎಸೀತೀರಾ?"

"ನಗಬೇಡ. ತೀರ್ಪು ತಪ್ಪು ಅಂತ ಗೊತ್ತಿದ್ರೆ ಮಾತ್ರ ಕೊಡಬೇಕು. ಸರಿಯಿದ್ದಾಗ ಯಾರಾದ್ರೂ ಕೊಟ್ರೆ ಅದು ಭಿಕ್ಷೆ."

"ಭಿಕ್ಷೆ ಕೊಟ್ರೆ?"

"ತಗೋಬಾರದು. ವಾಪಸ್ ಕೊಡಬೇಕು," ಅಂದಿದ್ದೆ. ಗುರುವಿನ ಗತ್ತಿನಲ್ಲಿ ಹೇಳಿದ ಮಾತು, ಮರೆತೂಬಿಟ್ಟಿದ್ದೆ.

ಆ ಶುಕ್ರವಾರ ಉಳಿದವರ ಫೈನಲ್‌ನಲ್ಲಿ ನನಗೆ ಎದುರಾದವಳು ಡೀಲಿಯಾ. ನಾನೇ ಕಲಿಸಿದ ಹೊಡೆತಗಳಿಂದ ನನ್ನನ್ನು ಮೂಲೆಯಿಂದ ಮೂಲೆಗೆ ಓಡಿಸಿದಳು. ಗುರುವಿಗೇ ತಿರುಮಂತ್ರ. ಮುಕ್ಕಾಲು ಗಂಟೆಯಲ್ಲಿ ಆಟ ಮುಗಿದುಹೋಯಿತು. ಬಲೆಯ ಹತ್ತಿರ ಬಂದು ಕೈ ಕುಲುಕುವ ಬದಲು ನನ್ನನ್ನು ತಬ್ಬಿಕೊಂಡು ಅತ್ತುಬಿಟ್ಟಳು. "ನೀನು ಗೆಲ್ಲಬೇಕಾಗಿತ್ತು ಹೆಟ್ಟಿ. ನನಗೆ ನಿಲ್ಲಿಸೋಕಾಗಲಿಲ್ಲ ಕಣೇ." ಜನ ಚಪ್ಪಾಳೆ ತಟ್ಟಿದರು. ಅವಳ ಬೆವರು ನನ್ನ ಕೊರಳಪಟ್ಟಿಗೆ ಅಂಟಿತು. ಸೋಲಿಸಿದ್ದೂ ಸಾಲದೆ ಅಳುವುದನ್ನೂ ನನ್ನಿಂದ ಕಿತ್ತುಕೊಂಡಳಲ್ಲ ಎಂದು ನಾನು ಹಲ್ಲು ಕಚ್ಚಿಕೊಂಡು ನಿಂತಿದ್ದೆ.

ಮರುದಿನ ಮಧ್ಯಾಹ್ನ ಅವಳು ಮಿಸೆಸ್ ಹಾಲ್ಡೇನ್ ಎದುರು ಆಡಬೇಕಿತ್ತು. ಮಿಸೆಸ್ ಹಾಲ್ಡೇನ್ ನ್ಯೂಯಾರ್ಕಿನವರು, ಎರಡು ಮಕ್ಕಳ ತಾಯಿ, ಎರಡು ವರ್ಷದಿಂದ ಆ ಕುರ್ಚಿ ಅವರದ್ದೇ. ಬೆಳಗ್ಗೆ ಟೂರ್ನಿಯ ಮೇಲ್ವಿಚಾರಕರಾದ ಮುದುಕ ಟ್ರೂಟ್ ನನ್ನನ್ನು ವರಾಂಡದಲ್ಲಿ ಹಿಡಿದರು.

"ಹೆಟ್ಟಿ ಮಗೂ, ಮರದ ಕಡೆಯ ಹಿಂದಿನ ಗೆರೆಗೆ ಯಾರೂ ಇಲ್ಲ. ಅಲ್ಲಿ ಕೂರಬೇಕಿದ್ದ ಹಾರ್ವೆಗೆ ಹಲ್ಲುನೋವು, ಕೆನ್ನೆ ಕುಂಬಳಕಾಯಿ ಆಗಿದೆ. ನೀನು ಕೂತ್ಕೋತೀಯಾ?"

ಸೋತವರನ್ನು ಗೆರೆ ಕಾಯಲು ಕೂರಿಸುವುದು ನಮ್ಮಲ್ಲಿ ವಾಡಿಕೆ. ಆದರೂ ಹೇಳಿದೆ, "ಡೀಲಿಯಾ ನನ್ನ ಸ್ನೇಹಿತೆ. ಯಾರಾದ್ರೂ ಏನಾದ್ರೂ ಅಂದ್ರೆ?"

"ಮಿಸೆಸ್ ಹಾಲ್ಡೇನ್ ಅವರನ್ನೇ ಕೇಳಿದೆ. 'ಪೆನ್ನಕ್ ಮನೆ ಹುಡುಗಿ ಸ್ನೇಹಿತೆಗೋಸ್ಕರ ಸುಳ್ಳು ಹೇಳೋಳಲ್ಲ' ಅಂದ್ರು. ಡೀಲಿಯಾ ಅಂತೂ 'ಅವಳಿದ್ರೆ ನನಗೆ ಧೈರ್ಯ' ಅಂತ ಕುಣಿದಳು."

ಸ್ನೇಹಿತೆಗೋಸ್ಕರ ಹೇಳುವವಳಲ್ಲ, ಸರಿ. ಸ್ನೇಹಿತೆಯ ವಿರುದ್ಧ ಹೇಳಬಹುದು ಎಂದು ಇಡೀ ಕ್ಲಬ್ಬಿನಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ನನಗೂ ಆಗ ಹೊಳೆದಿರಲಿಲ್ಲ, ಆಣೆ ಮಾಡಿ ಹೇಳುತ್ತೇನೆ.

ಬಿಸಿಲು ಚುರುಗುಟ್ಟುತ್ತಿತ್ತು. ನಾನು ಅಗಲ ಅಂಚಿನ ಹುಲ್ಲಿನ ಟೋಪಿ ಹಾಕಿ, ಅದರ ಮೇಲೆ ತೆಳು ಬಟ್ಟೆ ಸುತ್ತಿ, ಕಿವಿ ಮುಚ್ಚುವ ಹಾಗೆ ಗದ್ದದ ಕೆಳಗೆ ಗಂಟು ಹಾಕಿಕೊಂಡು ಗೆರೆಯ ತುದಿಯಲ್ಲಿ ಮಡಿಸುವ ಕುರ್ಚಿಯ ಮೇಲೆ ಕೂತೆ. ವಾರದಿಂದ ಮಳೆ ಬಿದ್ದಿರಲಿಲ್ಲ. ಬೆಳಗ್ಗೆ ಎಳೆದ ಸುಣ್ಣದ ಗೆರೆ ಒಣಗಿ ಹಿಟ್ಟಿನ ಹಾಗಾಗಿತ್ತು. ಮೊದಲ ಸೆಟ್ ಮಿಸೆಸ್ ಹಾಲ್ಡೇನ್ ಗೆದ್ದರು. ಎರಡನೆಯದು ಡೀಲಿಯಾಗೆ. ನಾನು ನನ್ನ ಕೆಲಸ ಸರಿಯಾಗಿಯೇ ಮಾಡಿದೆ. ಒಳಗಿದ್ದದ್ದು ಒಳಗೆ, ಹೊರಗಿದ್ದದ್ದು ಹೊರಗೆ.

ಮೂರನೇ ಸೆಟ್‌ನಲ್ಲಿ ಡೀಲಿಯಾ ಐದು-ನಾಲ್ಕರಲ್ಲಿ ಮುಂದಾದಳು. ಸರ್ವಿಸ್ ಅವಳದ್ದೇ. ನಲವತ್ತು-ಮೂವತ್ತು. ಇನ್ನೊಂದು ಪಾಯಿಂಟ್, ಅಷ್ಟೇ. ನನ್ನ ಹಿಂದೆ ಯಾರೋ ಹೆಂಗಸು ಪಿಸುಗುಟ್ಟಿದಳು, "ಮುಂದಿನ ವರ್ಷ ಕಲ್ಲಿದ್ದಲಿನವಳು ಬೆತ್ತದ ಕುರ್ಚಿಯಲ್ಲಿ!" ನಾನು ಮರದ ಕಡೆ ನೋಡಿದೆ. ಖಾಲಿ ಕುರ್ಚಿ. ಅದರಲ್ಲಿ ಡೀಲಿಯಾ ಕೂತು, ತಲೆಯ ಮೇಲೆ ಸತ್ತ ಗುಬ್ಬಿಯ ಟೋಪಿ ಇಟ್ಟುಕೊಂಡು, ಸ್ಟ್ರಾಬೆರಿ ತಟ್ಟೆಯಿಂದ ನನ್ನ ಕಡೆ ಚಮಚ ಚಾಚುವುದು ಕಣ್ಣಿಗೆ ಕಟ್ಟಿತು. ಖಂಡಿತ ಚಾಚುತ್ತಿದ್ದಳು. ಅದನ್ನೇ ನನಗೆ ಸಹಿಸಲಾಗಲಿಲ್ಲ.

ಅವಳು ಸರ್ವಿಸ್ ಮಾಡಿದಳು. ನನ್ನ ಕಡೆ ಇದ್ದ ಮಿಸೆಸ್ ಹಾಲ್ಡೇನ್ ಹಿಂದಿರುಗಿಸಿದರು. ಡೀಲಿಯಾ ಓಡಿ ಬಂದು ಮೂಲೆಗೆ ಬಾರಿಸಿದಳು. ಅದೂ ನಾನು ಕಲಿಸಿದ ಹೊಡೆತವೇ. ಚೆಂಡು ನನ್ನಿಂದ ಎರಡು ಮಾರು ದೂರದಲ್ಲಿ ಗೆರೆಯ ಮೇಲೆಯೇ ಬಿತ್ತು. ಸುಣ್ಣ ಪುಸ್ಸೆಂದು ಎದ್ದಿತು. ಮಿಸೆಸ್ ಹಾಲ್ಡೇನ್ ರಾಕೆಟ್ ಇಳಿಸಿ, ಕೈ ಕುಲುಕಲು ಬಲೆಯ ಕಡೆ ಒಂದು ಹೆಜ್ಜೆಯನ್ನೂ ಇಟ್ಟರು.

"ಔಟ್," ಅಂದೆ.

ಜನರಲ್ಲಿ ಗುಸುಗುಸು ಎದ್ದಿತು. ಎತ್ತರದ ಕುರ್ಚಿಯಲ್ಲಿದ್ದ ಅಂಪೈರ್ ಬಗ್ಗಿ ಕೇಳಿದರು, "ಮಿಸ್ ಪೆನ್ನಕ್, ಖಚಿತವಾ?"

ಎರಡನೇ ಅವಕಾಶ ಕೊಟ್ಟಿದ್ದರು, ಪುಣ್ಯಾತ್ಮರು. "ಖಚಿತ," ಅಂದೆ. ಬಟ್ಟೆಯ ಒಳಗೆ ಎರಡು ಕಿವಿಯೂ ಕೆಂಡವಾಗಿದ್ದವು.

ಆ ತುದಿಯಲ್ಲಿ ಡೀಲಿಯಾ ಒಂದು ಕ್ಷಣ ಕಕ್ಕಾಬಿಕ್ಕಿಯಾಗಿ ನಿಂತಳು. ಗೆದ್ದೆನೆಂದು ಅವಳ ಕೈ ಆಗಲೇ ಮೇಲೆದ್ದಿತ್ತು. ಆಮೇಲೆ ನನ್ನ ಕಡೆ ನೋಡಿ, ಸರಿ ಎನ್ನುವ ಹಾಗೆ ತಲೆಯಾಡಿಸಿದಳು. ಚೆಂಡು ತೆಗೆದುಕೊಳ್ಳಲು ಹಿಂದೆ ಹೋದಳು. ಮುಖದಲ್ಲಿ ಒಂದು ಗೆರೆಯಷ್ಟೂ ಅನುಮಾನವಿಲ್ಲ.

ಮಿಸೆಸ್ ಹಾಲ್ಡೇನ್ ಮಾತ್ರ ನನ್ನನ್ನೇ ನೋಡಿದರು. ಸುಣ್ಣ ಎದ್ದದ್ದು ಅವರ ಕಾಲ ಬುಡದಲ್ಲಿ. ಆಮೇಲೆ ತಮ್ಮ ಜಾಗಕ್ಕೆ ಹೋಗಿ ನಿಂತರು. ಡೀಲಿಯಾಳ ಮುಂದಿನ ಸರ್ವಿಸ್ ಮೆತ್ತಗೆ ಬಂತು. ಅದನ್ನು ಮಗುವೂ ಹೊಡೆಯಬಹುದಿತ್ತು. ಮಿಸೆಸ್ ಹಾಲ್ಡೇನ್ ಅದನ್ನು ನಿಧಾನವಾಗಿ, ಎಲ್ಲರಿಗೂ ಕಾಣುವ ಹಾಗೆ, ಬಲೆಯ ಬುಡಕ್ಕೆ ತಳ್ಳಿದರು.

ಪಾಯಿಂಟ್ ವಾಪಸ್ ಬಂತು. ಡೀಲಿಯಾ ಮತ್ತೆ ಒಂದೇ ಪಾಯಿಂಟ್ ದೂರದಲ್ಲಿ. ನನ್ನೊಳಗೆ ಏನಾಯಿತು ಎಂದು ಸರಿಯಾಗಿ ಹೇಳಲಾರೆ. ಸುಳ್ಳು ದಕ್ಕಲಿಲ್ಲವೆಂದು ಉರಿಯಿತು. ಸದ್ಯ ದಕ್ಕಲಿಲ್ಲವಲ್ಲ ಎಂದು ಉಸಿರೂ ಬಂತು. ಬೇಗ ಮುಗಿಸೇ ಮಾರಾಯ್ತಿ, ಗೆದ್ದುಕೊಂಡು ಹೋಗು, ಎಂದು ಮನಸ್ಸಿನಲ್ಲೇ ಹೇಳಿಕೊಂಡೆ. ಆ ವಾರ ನಾನು ಅವಳ ಗೆಲುವನ್ನು ಬಯಸಿದ್ದು ಅದೊಂದೇ ನಿಮಿಷ.

ಡೀಲಿಯಾ ಚೆಂಡು ಕೈಯಲ್ಲಿ ಹಿಡಿದು ಮಿಸೆಸ್ ಹಾಲ್ಡೇನ್‌ರನ್ನು ನೋಡುತ್ತಾ ನಿಂತಿದ್ದಳು. ಅವಳ ಮುಖ ಕೆಂಪೇರಿತ್ತು. ಸರ್ವಿಸ್ ಮಾಡಿದಳು, ಚೆಂಡು ನೇರ ಬಲೆಗೆ. ಎರಡನೆಯದನ್ನೂ ನೇರ ಬಲೆಗೇ ಹೊಡೆದಳು, ಅದೂ ಸೊಂಟದ ಕೆಳಗಿನಿಂದ, ನನ್ನ ಹಾಗೆ. ಜನ ಉಸಿರು ಎಳೆದುಕೊಂಡರು. ಬೇಕೆಂದೇ ಮಾಡಿದಳೆಂದು ಕುರುಡನಿಗೂ ಗೊತ್ತಾಗುವಂತಿತ್ತು.

ಬಂದ ಪಾಯಿಂಟನ್ನು ಅವಳು ತಿರುಗಿ ಕೊಟ್ಟಿದ್ದಳು. ಅವಳ ಪಾಲಿಗೆ ಅದು ಭಿಕ್ಷೆಯಾಗಿತ್ತು.

ಮಿಸೆಸ್ ಹಾಲ್ಡೇನ್ ತಮ್ಮ ಕರ್ತವ್ಯ ಮುಗಿಸಿದ್ದರು. ಎರಡನೇ ಸಲ ದಾನ ಮಾಡುವ ಪದ್ಧತಿಯಿಲ್ಲ. ಅಲ್ಲಿಂದ ಮುಂದೆ ಅವರು ಗಟ್ಟಿಯಾಗಿ ಆಡಿದರು. ಡೀಲಿಯಾಳ ಲಯ ತಪ್ಪಿತ್ತು. ಐದು-ಐದು ಆಯಿತು, ಆಮೇಲೆ ಏಳು-ಐದು. ಚಾಂಪಿಯನ್ ಮತ್ತೆ ಅವರೇ.

ಚಪ್ಪಾಳೆ ನಿಲ್ಲುವ ಮೊದಲೇ ಮಿಸೆಸ್ ಹಾಲ್ಡೇನ್ ನನ್ನ ಕುರ್ಚಿಯ ಹತ್ತಿರ ಬಂದು ಟವೆಲ್ಲಿನಿಂದ ಮುಖ ಒರೆಸಿಕೊಂಡರು. ಇತರರಿಗೆ ಕೇಳದಷ್ಟು ಮೆಲ್ಲಗೆ ಅಂದರು, "ಮಿಸ್ ಪೆನ್ನಕ್, ಇವತ್ತು ನಾನು ಗೆಲ್ಲಲಿಲ್ಲ, ನೀವು ಗೆಲ್ಲಿಸಿದ್ರಿ. ನನಗೆ ಅದು ಇಷ್ಟ ಆಗ್ಲಿಲ್ಲ." ಅಷ್ಟು ಹೇಳಿ ಕಪ್ ತೆಗೆದುಕೊಳ್ಳಲು ಹೊರಟುಹೋದರು.

ಬಟ್ಟೆ ಬದಲಿಸುವ ಕೋಣೆಯಲ್ಲಿ ಡೀಲಿಯಾ ಒಬ್ಬಳೇ ಬೆಂಚಿನ ಮೇಲೆ ಕೂತು ಶೂ ಬಿಚ್ಚುತ್ತಿದ್ದಳು. ಅತ್ತಿದ್ದಳು, ಕಣ್ಣು ಊದಿಕೊಂಡಿದ್ದವು. ನನ್ನನ್ನು ಕಂಡದ್ದೇ ಎದ್ದು ನಿಂತಳು.

"ನೋಡಿದೆಯಾ ಹೆಟ್ಟಿ? ನೀನು ತಪ್ಪು ಹೇಳಿದೆ ಅಂತ ಆ ಹೆಂಗಸು ನೂರಾರು ಜನರ ಮುಂದೆ ತೋರಿಸಿಕೊಟ್ಟಳು! ನಿನ್ನ ಮಾತನ್ನ ಬಲೆಗೆ ಎಸೆದ ಹಾಗೆ. ನಾನು ಸುಮ್ನೆ ತಗೋತೀನಾ? ತಪ್ಪಿದ್ರೆ ಮಾತ್ರ ಕೊಡಬೇಕು, ಇಲ್ದಿದ್ರೆ ಅದು ಭಿಕ್ಷೆ ಅಂತ ನೀನೇ ಹೇಳಿದ್ದೆ."

"ಡೀಲಿಯಾ, ಕೂತ್ಕೋ."

"ನಮ್ಮಪ್ಪ ಹೊರಗೆ ಬೈತಾ ಇದಾನೆ. 'ತಲೆ ಕೆಟ್ಟಿತ್ತೇನೇ, ಕೈಗೆ ಬಂದದ್ದನ್ನ ಎಸೆದೆಯಲ್ಲ' ಅಂತ. ಬೈಲಿ ಬಿಡು. ಕಪ್ ಮುಂದಿನ ವರ್ಷವೂ ಇರತ್ತೆ." ಹೇಳುತ್ತಾ ಹೇಳುತ್ತಾ ಅಂಗೈಯಿಂದ ಕಣ್ಣು ಒರೆಸಿಕೊಂಡಳು. "ನನಗೆ ಅದು ಬೇಕಾಗಿತ್ತು ಹೆಟ್ಟಿ. ತುಂಬಾ ಬೇಕಾಗಿತ್ತು."

ನನಗೆ ಇನ್ನು ತಡೆದುಕೊಳ್ಳಲಾಗಲಿಲ್ಲ. ಗದ್ದದ ಕೆಳಗಿನ ಗಂಟು ಉಸಿರು ಕಟ್ಟಿಸುತ್ತಿತ್ತು. ಬಿಚ್ಚಿದೆ, ಟೋಪಿ ತೆಗೆದು ಬೆಂಚಿನ ಮೇಲಿಟ್ಟೆ.

"ಚೆಂಡು ಒಳಗಿತ್ತು," ಅಂದೆ. "ಗೆರೆ ಮೇಲೆ ಬಿತ್ತು. ಸುಣ್ಣ ಎದ್ದದ್ದನ್ನ ನಾನು ನೋಡಿದೆ. ನೋಡಿಯೂ ಔಟ್ ಅಂದೆ. ನೀನು ಗೆಲ್ಲೋದು ನನಗೆ ಬೇಡವಾಗಿತ್ತು."

ಡೀಲಿಯಾ ನನ್ನನ್ನು ದಿಟ್ಟಿಸಿ ನೋಡಿದಳು. ಅವಳ ಕೈ ನಿಧಾನವಾಗಿ ಮೇಲೆದ್ದಾಗ, ಹೊಡೆಯುತ್ತಾಳೆ ಅಂದುಕೊಂಡೆ. ಹೊಡೆಯಲಿ ಎಂದೇ ನಿಂತಿದ್ದೆ. ಅವಳು ನನ್ನ ಕೂದಲು ಸರಿಸಿ ಕಿವಿ ನೋಡಿದಳು.

ನಾಚಿಕೆಯಿಂದ ಅವು ಸುಡುತ್ತಿದ್ದವು.

"ಮೆಣಸಿನಕಾಯಿ!" ಎಂದು ಅವಳು ಕಣ್ಣೀರಿನ ನಡುವೆಯೇ ನಕ್ಕುಬಿಟ್ಟಳು. "ಅಯ್ಯೋ ನನ್ನ ಹೆಟ್ಟಿ. ಸೋತವಳಿಗೆ ಸಮಾಧಾನ ಹೇಳೋಕೆ ನಿನ್ನ ಮೇಲೆ ನೀನೇ ಕೆಸರು ಹಾಕ್ಕೋತೀಯಾ? ನಿನಗೆ ಸುಳ್ಳು ಹೇಳೋಕೆ ಬರಲ್ಲ ಅಂತ ಎಷ್ಟು ಸಲ ಹೇಳಬೇಕೇ?"

"ಇದು ಸುಳ್ಳಲ್ಲ ಡೀಲಿಯಾ. ಕೇಳಿಲ್ಲಿ, ನಿಜವಾಗಿ—"

"ಸಾಕು, ಸಾಕು. ಕಿವಿ ಹೇಳ್ತಾ ಇದೆ." ನನ್ನ ಕೆನ್ನೆಗೆ ಮುತ್ತಿಟ್ಟು, ಶೂ ಸಿಕ್ಕಿಸಿಕೊಂಡು ಬಾಗಿಲ ಕಡೆ ನಡೆದಳು. "ಬಾ, ಐಸ್‌ಕ್ರೀಂ ಕರಗೋದ್ರೊಳಗೆ ಹೋಗೋಣ. ನಿನಗೂ ಒಂದು ತಟ್ಟೆ ತೆಗೆದಿಡೋಕೆ ಹೇಳಿದೀನಿ."

ಆ ಸಂಜೆ ನಾನು ಇನ್ನೆರಡು ಸಲ ಹೇಳಿದೆ. ಎರಡು ಸಲವೂ ನಕ್ಕಳು. ಆಮೇಲೆ ಹೇಳುವುದನ್ನು ಬಿಟ್ಟೆ. ಟ್ರೂಟ್ ಅವರ ಹತ್ತಿರ ಹೋಗಿ ಹೇಳಬಹುದಿತ್ತಲ್ಲ ಎಂದು ನೀವು ಕೇಳಬಹುದು. ಹೇಳಬಹುದಿತ್ತು. ಅವರು ನಂಬುತ್ತಿದ್ದರು, ಅದೇ ಭಯ.

ನಾನು ಮತ್ತೆ ಆ ಟೂರ್ನಿಗೆ ಹೆಸರು ಕೊಡಲಿಲ್ಲ. ಭುಜ ನೋವು ಅಂದೆ. ಚಳಿಗಾಲವಾಗಿತ್ತು, ಕಿವಿ ಉಣ್ಣೆಯ ಟೋಪಿಯೊಳಗಿತ್ತು. ಮುಂದಿನ ಜೂನ್‌ನಲ್ಲಿ ಡೀಲಿಯಾ ಉಳಿದವರನ್ನೆಲ್ಲ ಸೋಲಿಸಿ ಮತ್ತೆ ಮಿಸೆಸ್ ಹಾಲ್ಡೇನ್ ಎದುರು ನಿಂತಳು. ಆಟದ ಬೆಳಗ್ಗೆ ಟ್ರೂಟ್ ನಮ್ಮ ಮನೆಗೇ ನಡೆದುಕೊಂಡು ಬಂದರು.

"ಹುಡುಗಿ ಹಟ ಹಿಡಿದು ಕೂತಿದಾಳೆ ಮಗೂ. ಮರದ ಕಡೆ ಗೆರೆಗೆ ನೀನೇ ಬೇಕಂತೆ. ನೀನಿಲ್ದಿದ್ರೆ ಆಡಲ್ವಂತೆ."

"ಮಿಸೆಸ್ ಹಾಲ್ಡೇನ್ ಏನಂದ್ರು?"

"ರಾಕೆಟ್ಟಿನ ತಂತಿ ಒಂದೊಂದಾಗಿ ಸರಿಮಾಡ್ಕೊಂಡ್ರು. ಆಮೇಲೆ, 'ಕೂರಲಿ' ಅಂದ್ರು."

ಅಮ್ಮ ಒಳಗಿನಿಂದ ಕೂಗಿದಳು, "ಬಿಸಿಲು ಜೋರಾಗಿದೆ ಹೆಸ್ಟರ್, ಟೋಪಿ ಹಾಕ್ಕೊಂಡು ಹೋಗು!"

ಹೋದೆ, ಗೆರೆಯ ತುದಿಯಲ್ಲಿ ಕೂತೆ. ಡೀಲಿಯಾ ಆ ತುದಿಯಿಂದ ನನಗೆ ಕೈ ಬೀಸಿದಳು. ಟೋಪಿಯನ್ನು ಮನೆಯಲ್ಲೇ ಬಿಟ್ಟು ಬಂದಿದ್ದೆ.